ನನ್ನ ಪ್ರೊಫೈಲಿಗೆ ಬಂದ ಓಂ ಶಾಂತಿ

ಒಂದು ನಿಮಿಷ ತಡೀರಿ. ಪ್ರೊಫೈಲ್ ಫೋಟೊ ಬದಲಿಸಲು ಕೂತಿದ್ದರೆ ಮೊದಲು ಇದನ್ನು ಓದಿ, ಆಮೇಲೆ ಬದಲಿಸಿ. ಆ ಮಧ್ಯಾಹ್ನ ನನಗೆ ಹತ್ತಿದ ಹೆದರಿಕೆ ಯಾರಿಗೂ ಹತ್ತುವುದು ಬೇಡ.

ನಾನು ಜೇವರ್ಗಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ನನ್ನ ಊರು ಆಳಂದ ತಾಲೂಕಿನ ಮಟಕಿ. ಡಿಸೈನ್ ಯಾರೂ ಹೇಳಿಕೊಟ್ಟಿದ್ದಲ್ಲ. ವಿಡಿಯೊ ನೋಡುವುದು, ಮಾಡುವುದು, ಕೆಡಿಸುವುದು, ಮತ್ತೆ ಮಾಡುವುದು, ಅಷ್ಟೇ. ಹೀಗಿರುವಾಗ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಕೆಲಸ ಕೊಡುವವರೂ ಕೆಲಸ ಹುಡುಕುವವರೂ ಸೇರುವ ಆ ಜಾಲತಾಣ ಇದೆಯಲ್ಲ, ಅದರಲ್ಲಿ ನನ್ನ ಪ್ರೊಫೈಲು ಚೆಂದ ಆಗಬೇಕು. ಜೇವರ್ಗಿಯಲ್ಲೇ ಕೂತು ಪುಣೆಯವರಿಗೆ ಲೋಗೊ ಮಾಡಿಕೊಡಬಹುದಲ್ಲ!

ವಿಡಿಯೊದಲ್ಲಿ ಹೇಳಿದಂತೆ ಎಲ್ಲ ಮಾಡಿದೆ. ಹೆಸರಿನ ಕೆಳಗಿನ ಸಾಲು ಬದಲಿಸಿದೆ. ‘ನನ್ನ ಬಗ್ಗೆ’ ಎಂಬಲ್ಲಿ ಮೂರು ಸಲ ಬರೆದು ಮೂರು ಸಲ ಅಳಿಸಿ, ಕೊನೆಗೆ ನಾನು ಹೇಗೆ ಮಾತಾಡುತ್ತೇನೋ ಹಾಗೇ ಬರೆದೆ. ಮಾಡಿದ ಕೆಲಸದ ಚಿತ್ರ ಹಾಕಿದೆ. ಉಳಿದದ್ದು ಫೋಟೊ, ಅದರ ಹಿಂದಿನ ಉದ್ದನೆಯ ಪಟ್ಟಿ. “ಹಿನ್ನೆಲೆ ಖಾಲಿ ಇರಲಿ, ಬೆಳಕು ಮೆತ್ತಗಿರಲಿ, ಫೋಟೊ ಕಪ್ಪು-ಬಿಳುಪು ಇದ್ದರೆ ಇನ್ನೂ ಗಂಭೀರ” ಎಂದು ವಿಡಿಯೊದವನು ಹೇಳಿದ್ದ.

ಈಗ ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಏನಿರುತ್ತದೆ ನೀವೇ ಯೋಚಿಸಿ. ಹುಟ್ಟುಹಬ್ಬದ ಫೈಲು ತೆಗೆದರೆ ಹುಲಿ, ಸಿಂಹ, ಕಿರೀಟ, ಬೆಂಕಿ, ಕೆಳಗೆ ಶುಭಕೋರುವ ಗೆಳೆಯರ ಸಾಲು. ಮದುವೆ ಫೈಲು ತೆಗೆದರೆ ಗುಲಾಬಿ, ನವಿಲು. ಇಡೀ ಅಂಗಡಿಯಲ್ಲಿ ಖಾಲಿ ಹಿನ್ನೆಲೆ, ಮೆತ್ತನೆ ಬೆಳಕು ಇರುವುದು ಒಂದೇ ಒಂದು ಬಗೆಯ ಫೈಲಿನಲ್ಲಿ. ಶ್ರದ್ಧಾಂಜಲಿ ಫೈಲಿನಲ್ಲಿ. ನಾನು ಅದನ್ನೇ ತೆಗೆದುಕೊಂಡೆ. ಹಾರ ತೆಗೆದೆ, ದೀಪ ತೆಗೆದೆ, ಅಕ್ಷರ ಅಳಿಸಿದೆ. ಬಿಳಿ ಮೋಡ ಉಳಿಸಿಕೊಂಡೆ. ತಲೆಯ ಸುತ್ತಲಿನ ಬೆಳಕನ್ನೂ ಉಳಿಸಿಕೊಂಡೆ. ಪಕ್ಕದ ಸ್ಟುಡಿಯೊದಿಂದ ಕೋಟು ತಂದು ಹಾಕಿಕೊಂಡು ತೆಗೆಸಿದ ಫೋಟೊವನ್ನು ಕಪ್ಪು-ಬಿಳುಪು ಮಾಡಿ ಅಲ್ಲಿ ಕೂರಿಸಿದೆ. ನಿಜ ಹೇಳುತ್ತೇನೆ, ನನ್ನ ಕಣ್ಣಿಗೆ ಬಹಳ ಚೆಂದ ಕಂಡಿತು, ಆ ರಾತ್ರಿಯೇ ಪ್ರೊಫೈಲಿಗೆ ಏರಿಸಿದೆ. ದಿನವೂ ಅಂಥವೇ ಮಾಡುವವನಿಗೆ ಅದು ಸಾವಿನ ಬಣ್ಣ ಎಂದು ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಫೋನನ್ನು ಒಳಕೋಣೆಯಲ್ಲಿ ಚಾರ್ಜಿಗಿಟ್ಟು ಪ್ರಿಂಟಿಂಗ್ ಮಶೀನಿನ ಮುಂದೆ ನಿಂತೆ. ಆ ಮಶೀನು ಓಡುವಾಗ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಊಟದ ಹೊತ್ತಿಗೆ ಫೋನು ತೆಗೆದರೆ ಪರದೆ ತುಂಬ ಬಂದುಹೋದ ಕರೆಗಳು. ನೋಡುತ್ತಿರುವಾಗಲೇ ಮಟಕಿಯ ಗೆಳೆಯನ ಕರೆ ಬಂತು.

“ಲೇ! ಜೀವಂತ ಅದಿಯೇನಲೇ?”

“ಯಾಕಲೇ, ಏನಾತು?”

“ಏನಾತಂತ ಕೇಳ್ತಿ? ನಿನ್ನ ಹೊಸ ಪ್ರೊಫೈಲ್ ಫೋಟೊ ಚೆಂದ ಅದ ಅಂತ ನಾ ಊರ ಗ್ರೂಪಿನಾಗ ಹಾಕಿ, ಕೆಳಗ ಕೈಮುಗಿಯೋ ಚಿತ್ರ ಒತ್ತೇನಿ. ಹಿಂದಿಂದ ಒಬ್ಬಂವ ಓಂ ಶಾಂತಿ ಅಂದಾನ. ಮುಗೀತು ನೋಡು, ಎಲ್ಲಾರೂ ಸುರು ಹಚ್ಚ್ಯಾರ. ಹಾರ್ಟ್ ಅಟ್ಯಾಕ್ ಅಂತ ಒಬ್ಬಂವ, ಗಾಡಿ ಬಿತ್ತಂತ ಒಬ್ಬಂವ. ನಾ ನಿಮ್ಮವ್ವನ ಮಗ್ಗಲಿಗೆ ಕುಂತೇನಿ. ಮೊದ್ಲ ಮಾತಾಡು.”

ಅವ್ವ ಫೋನು ತೆಗೆದುಕೊಂಡವಳು ನನ್ನ ದನಿ ಕೇಳಿ ನನ್ನ ಹೆಸರು ಎರಡು ಸಲ ಕರೆದಳು. ಆಮೇಲೆ ಒಂದೇ ಮಾತು ಕೇಳಿದಳು. “ನಿಮ್ಮ ಅಕ್ಕಗ ಗೊತ್ತಾಗಿದ್ರ?”

ಅಕ್ಕನನ್ನು ಅಫಜಲಪುರ ತಾಲೂಕಿನ ಮಣ್ಣೂರಿಗೆ ಕೊಟ್ಟಿದ್ದೇವೆ. ಆಗ ಅವಳಿಗೆ ದಿನ ತುಂಬುತ್ತಾ ಬಂದಿದ್ದವು. ಮೊದಲ ಸಲ ಬಿಪಿ ಏರಿ ಕೂಸು ಉಳಿದಿರಲಿಲ್ಲ. ಈ ಸಲವೂ ಬಿಪಿ ಇತ್ತು. “ಏನೂ ತಲೆಗೆ ಹಚ್ಚಿಕೊಳ್ಳಬಾರದು, ಗಾಬರಿ ಆಗಬಾರದು” ಎಂದು ಡಾಕ್ಟರು ಹೇಳಿದ್ದರು.

ಅಕ್ಕನಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಅವಳ ಗಂಡನಿಗೆ ಹಚ್ಚಿದೆ. ಹತ್ತಲಿಲ್ಲ. ನಾನು ಚಾಚಾ ಎಂದು ಕರೆಯುವ ನಮ್ಮ ಮಾಲಕರು ನನ್ನ ಮುಖ ನೋಡಿ ಹತ್ತಿರ ಬಂದರು. ಹೇಳಿದೆ.

“ಅರೇ ಪಾಗಲ್, ಮಂದಿ ಶ್ರದ್ಧಾಂಜಲಿ ಮಾಡಿ ಮಾಡಿ ನಿಂದೂ ಮಾಡ್ಕೊಂಡೇನಪ್ಪ?” ಎಂದು ಬೈಯುತ್ತಲೇ ತಮ್ಮ ಗಾಡಿಯ ಚಾವಿ ನನ್ನ ಕೈಗೆ ತುರುಕಿದರು. “ಹೋಗ್. ಸಾವಕಾಶ ಹೋಗ್, ಮಗಾ. ಆ ಓಂ ಶಾಂತಿ ಖರೇ ಮಾಡಬ್ಯಾಡ.”

ಸಾವಕಾಶ ಹೋಗಲು ಆಗಲಿಲ್ಲ. ಭೀಮೆಯ ಸೇತುವೆ ಯಾವಾಗ ದಾಟಿದೆನೋ ನೆನಪಿಲ್ಲ. ಅಫಜಲಪುರದಲ್ಲಿ ನಿಲ್ಲಿಸಿ ಮತ್ತೆ ಹಚ್ಚಿದೆ. ಸ್ವಿಚ್ ಆಫ್. ಫೋನು ಯಾಕೆ ಆಫ್ ಇದೆ? ಆಸ್ಪತ್ರೆಗೆ ಒಯ್ದಿದ್ದಾರೆಯೇ? ದಾರಿಯ ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು. ಎದುರಿಗೆ ಬರುವ ಪ್ರತಿ ಜೀಪಿನೊಳಗೂ ಇಣುಕುತ್ತಿದ್ದೆ, ಅಕ್ಕ ಮಲಗಿದ್ದಾಳೇನೋ ಎಂದು.

ಮಣ್ಣೂರಿನ ಆ ಮನೆಯ ಮುಂದೆ ಚಪ್ಪಲಿಗಳ ರಾಶಿ ಇತ್ತು. ಪಡಸಾಲೆಯಲ್ಲಿ ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ಸುಮ್ಮನೆ ಕೂತಿದ್ದರು. ಗಾಡಿಗೆ ಸ್ಟ್ಯಾಂಡ್ ಹಾಕುವುದನ್ನು ಮರೆತೆ, ಅದು ಬಿತ್ತು. ಸದ್ದಿಗೆ ಹೊರಬಂದ ಅಕ್ಕನ ಅತ್ತೆ ನನ್ನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬಂದು ನನ್ನ ಕೆನ್ನೆ ಮುಟ್ಟಿದರು, ತೋಳು ಹಿಂಡಿದರು. ಆಮೇಲೆ ಅದೇ ಕೆನ್ನೆಗೆ ಒಂದು ಬಿಟ್ಟರು.

“ಹಾಟ್ಯಾ! ನಿನ್ನ ಫೋಟೊಕ್ಕ ಬೆಂಕಿ ಹಚ್ಚಲಿ!” ಅಷ್ಟನ್ನೂ ಪಿಸುದನಿಯಲ್ಲೇ ಬೈದರು.

“ಅತ್ತಿ, ಅಕ್ಕ?”

“ಒಳಗ ಉಣ್ಣಾಕತ್ತಾಳ. ಗೊತ್ತಿಲ್ಲ ಅಕಿಗ. ನಿಮ್ಮೂರಾಂವ ಒಬ್ಬ ನನ್ನ ಮಗಗ ಫೋನ್ ಹಚ್ಚಿ ಹೇಳಿದಕೂಡ್ಲೇ, ಮುಂಜಾನಿನೇ ಅಕಿ ಫೋನ್ ಬಂದ್ ಮಾಡಿ ಜ್ವಾಳದ ಚೀಲದಾಗ ಒಗದೇನಿ.”

ನಮ್ಮ ಕಡೆ ಸಾವಿನ ಸುದ್ದಿಯನ್ನು ಹಸಿದ ಹೊಟ್ಟೆಗೆ ಹೇಳುವುದಿಲ್ಲ. ಹೇಳಿದ ಮೇಲೆ ಆ ಮನೆಯಲ್ಲಿ ಯಾರ ಗಂಟಲಿನಲ್ಲೂ ಅನ್ನ ಇಳಿಯದಲ್ಲ, ಅದಕ್ಕೇ ಮೊದಲು ಉಣಿಸುತ್ತಾರೆ. ಅಕ್ಕ ಉಂಡು ಕೈ ತೊಳೆದ ಮೇಲೆ ಹೇಳುವುದೆಂದು ನಿಶ್ಚಯವಾಗಿತ್ತು. ಅವಳ ಗಂಡ ಊರೂರು ತಿರುಗಿ ಜೀಪು ಗೊತ್ತುಮಾಡುತ್ತಿದ್ದರು, ಹೆಣದ ಮುಖವಾದರೂ ತೋರಿಸಬೇಕಲ್ಲ ಎಂದು.

ಒಳಗೆ ಹೋದೆ. ಅಕ್ಕ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು.

“ಬಾರೋ ತಮ್ಮಾ! ಹೇಳದ ಕೇಳದ ಬಂದಿಯಲ್ಲ. ಬರಿಗೈಲೆ ಬ್ಯಾರೆ. ಮಾರಿ ಯಾಕ ಹಂಗಾಗೇದ?”

“ಬಿಸಲಾಗ ಬಂದೇನಿ ಅಕ್ಕಾ.”

“ನೋಡು, ಇವತ್ತ ನಮ್ಮತ್ತಿಗಿ ಏನಾಗೇದೋ ಏನೋ. ಇನ್ನೊಂದ್ ತುತ್ತು ಉಣ್ಣು, ಇನ್ನೊಂದ್ ತುತ್ತು ಉಣ್ಣು ಅಂತ ಬೆನ್ನ ಹತ್ಯಾರ. ದಿನಾ ಇಷ್ಟ ಉಪಚಾರ ಮಾಡಿದ್ರ ನಾ ವರ್ಷಾ ಬಸರಾಗ್ತಿದ್ದೆ!”

ಹೊರಗಿನ ಹೆಂಗಸರಲ್ಲಿ ಯಾರೋ ಫಕ್ಕನೆ ನಕ್ಕರು. ಆ ನಗು ಅಳುವಾಯಿತು. ಅಕ್ಕ ತಿರುಗಿ ನೋಡಿದಳು. ಅತ್ತೆ ನನ್ನ ಮುಂದೆ ತಾಟು ಕುಕ್ಕಿ ರೊಟ್ಟಿ, ಪುಂಡಿಪಲ್ಯ ಹಾಕಿದರು. “ಅಕಿ ಗಂಡ ಕುಡದ ಬಂದಾನಂತ, ಅಳಾಕತ್ತಾಳ. ನೀ ಉಣ್ಣವ್ವ” ಎಂದರು. ಕುಡಿಯದ ಒಬ್ಬ ಗಂಡನ ಮರ್ಯಾದೆ ಹೋಯಿತು, ಆದರೆ ಅಕ್ಕ ತುತ್ತು ಬಾಯಿಗಿಟ್ಟಳು.

ನಾನು ಉಣ್ಣುವಂತೆ ನಟಿಸುತ್ತಾ ತೊಡೆಯ ಮೇಲೆ ಫೋನಿಟ್ಟುಕೊಂಡು ಎಡಗೈಯಲ್ಲೇ ಆ ಫೋಟೊ ಅಳಿಸಿದೆ. ಎರಡು ಸಲ ತಪ್ಪು ಕಡೆ ಒತ್ತಿದೆ. ಮಟಕಿಯ ಗೆಳೆಯ ಊರ ಗ್ರೂಪಿನಲ್ಲಿ ನಾನು ಬದುಕಿದ್ದೇನೆ ಎಂದು ಹಾಕಿದ್ದ. ಅದಕ್ಕೂ ಕೆಲವರು ಓಂ ಶಾಂತಿ ಎಂದಿದ್ದರು.

ಹೆರಿಗೆ ಆಗುವವರೆಗೂ ಯಾರೂ ಅವಳಿಗೆ ಹೇಳಲಿಲ್ಲ. ಹೆಣ್ಣುಕೂಸು, ತಾಯಿ-ಮಗು ಇಬ್ಬರೂ ಕ್ಷೇಮ. ಬಾಣಂತನದಲ್ಲಿ ಅವ್ವನೇ ಹೇಳಿದಳು. ಅಕ್ಕ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ನನ್ನ ಕೆನ್ನೆ ಮುಟ್ಟಿ ನೋಡಿದಳು.

ಈಗಲೂ ಪ್ರೊಫೈಲಿನಲ್ಲಿ ಏನಾದರೂ ಬದಲಿಸಿ ಆ ಕೊನೆಯ ಬಟನ್ ಒತ್ತುವಾಗ ಬೆವರು ಬರುತ್ತದೆ. ಒತ್ತುವ ಮುಂಚೆ ಗೆಳೆಯನಿಗೆ ಕಳಿಸಿ, “ನೋಡಿ ಹೇಳಲೇ, ಗ್ರೂಪಿಗೆ ಮಾತ್ರ ಹಾಕಬ್ಯಾಡ” ಎನ್ನುತ್ತೇನೆ.

ನಿಮ್ಮಲ್ಲೂ ಯಾರಿಗಾದರೂ ಕೆಲಸಕ್ಕೆಂದು ಹಾಕಿದ ಫೋಟೊ, ಬರೆದ ಸಾಲು ಮನೆಯವರ ಎದೆ ನಡುಗಿಸಿದ್ದುಂಟೆ? ಹೇಗೆ ಪಾರಾದಿರಿ? ಕೆಳಗೆ ಬರೆಯಿರಿ. ನಾನೊಬ್ಬನೇ ಇಂಥವನು ಎಂದುಕೊಂಡು ಕೂರುವುದು ನನಗೂ ಬೇಜಾರು.