‘ಊಟ ಆಯ್ತಾ?’ ಎಂದು ಕೇಳುವ ಕೆಲಸ

ಲಾಸ್ ವೇಗಸ್ಸಿನ ಹಳೆಪೇಟೆಯಲ್ಲಿ ಬೀದಿ ಗುಡಿಸುವ ಗಾಡಿ ಹೊರಡುವ ಹೊತ್ತಿಗೆ ಪುವಾನಾನಿ ಅಗ್ಬಯಾನಿ ಕೋರಲ್ ಕ್ವೀನ್ ಕ್ಯಾಸಿನೊದ ಹಿಂಬಾಗಿಲಿನಿಂದ ಒಳಗೆ ಬರುತ್ತಾರೆ. ಒಳಗೆ ಕಿಟಕಿಯಿಲ್ಲ, ಹಾಗಾಗಿ ಬೆಳಗೂ ಇಲ್ಲ. ವಿಡಿಯೋ ಪೋಕರ್ ಸಾಲಿನ ಕೊನೆಯ ಮೆಷೀನಿನ ಮುಂದೆ ತೊಕು ಹಿಗಾ ಆಗಲೇ ಕೂತಿದ್ದಾರೆ.

“ತಿಂಡಿ ಆಯ್ತಾ ಅಂಕಲ್?”

“ಇವತ್ತು ರಾತ್ರಿ ಊಟದ ವಿಷ್ಯ ಏನಾಯ್ತು ಅದು ಹೇಳು ಮೊದ್ಲು. ಮಕ್ಕಳು, ಮೊಮ್ಮಕ್ಕಳು ಎಲ್ಲಾ ಬಂದಿಳಿದಿದ್ದಾರೆ.”

ಇವತ್ತು ತೊಕು ಅವರಿಗೆ ಎಂಬತ್ತು ತುಂಬುತ್ತದೆ. ಹೊನೊಲುಲುವಿನಿಂದ ಬಂದ ಮನೆಮಂದಿಗೆಲ್ಲ ಅವರು ಹೇಳಿಬಿಟ್ಟಿದ್ದಾರೆ: “ಊಟ ಕ್ಯಾಸಿನೊದವರದ್ದು. ನಾನಂದ್ರೆ ಅವರಿಗೆ ಪ್ರಾಣ.” ಆ ಮಾತು ಉಳಿಸುವುದು ಪುವಾ ಕೈಯಲ್ಲಿದೆ.

ಪುವಾ ಇಲ್ಲಿನ ಹೋಸ್ಟ್. ಹೊನೊಲುಲು ಪಕ್ಕದ ವೈಪಹುವಿನಲ್ಲಿ ಹುಟ್ಟಿ, ತಾಯಿಯ ಹಿಂದೆ ಈ ಊರಿಗೆ ಬಂದು, ಇದೇ ಕಟ್ಟಡದಲ್ಲಿ ವರ್ಷಗಟ್ಟಲೆ ಹಾಸಿಗೆ ಹೊದಿಕೆ ಬದಲಿಸಿದವರು. ಮಂಡಿ ಸವೆದ ಮೇಲೆ ಕೆಳಗಿನ ಆಟದ ಅಂಗಳಕ್ಕೆ ಇಳಿದು ಬಂದರು. ಈಗ ಆಡುವವರಿಗೆ ತಮ್ಮ ಸಹಿಯ ಮೇಲೆ ಬಿಟ್ಟಿ ಊಟ, ಬಿಟ್ಟಿ ಕೋಣೆ ಕೊಡಿಸುತ್ತಾರೆ. ಇಲ್ಲಿಯವರ ಬಾಯಲ್ಲಿ ಅದು ಕಾಂಪ್.

ಕಾಂಪ್ ದಾನವಲ್ಲ. ಆಡುವವರು ತಮ್ಮ ಹೆಸರಿನ ಕಾರ್ಡನ್ನು ಮೆಷೀನಿಗೆ ಸಿಕ್ಕಿಸಬೇಕು. ಆಗ ಪ್ರತಿ ಆಟಕ್ಕೂ ಪಾಯಿಂಟು ಬೀಳುತ್ತದೆ. ಸೋತದ್ದಕ್ಕಲ್ಲ, ಗೆದ್ದದ್ದಕ್ಕಲ್ಲ, ಆಡಿದ್ದಕ್ಕೆ. ಇಷ್ಟು ಆಡಿದವರಿಂದ ತನಗೆ ಏನು ಉಳಿದೀತು ಎಂದು ಕ್ಯಾಸಿನೊ ಅಂದಾಜು ಮಾಡಿ, ಅದರಲ್ಲೊಂದು ಚೂರನ್ನು ಹಿಂದಕ್ಕೆ ಕೊಡುತ್ತದೆ. ವಿಡಿಯೋ ಪೋಕರಿನಲ್ಲಿ ಯಾವ ಇಸ್ಪೀಟು ಎಲೆ ಇಟ್ಟುಕೊಳ್ಳಬೇಕೆಂದು ಬಲ್ಲವರಿಂದ ಉಳಿಯುವುದು ಕಡಿಮೆ, ಕೊಡುವುದೂ ಕಡಿಮೆ.

“ಸುಮ್ನೆ ಗುಂಡಿ ಒತ್ತೋರಿಗೆ ಹಬ್ಬದೂಟ, ಯೋಚ್ನೆ ಮಾಡಿ ಆಡೋರಿಗೆ ಬರೀ ಕಾಫಿ,” ಪುವಾ ನಗುತ್ತಾರೆ. “ಆ ಕಾಫಿ ಜೊತೆಗೆ ಏನಾದ್ರೂ ಸೇರ್ಸೋದೇ ನನ್ ಕೆಲಸ.”

ಕಳೆದ ತಿಂಗಳ ತನಕ ತೊಕು ಅವರ ಸಂಕಟ ಬೇರೆಯೇ ಇತ್ತು. ದಿನವೂ ಬರುತ್ತಿದ್ದರು, ಆದರೆ ಕಂಪ್ಯೂಟರಿನ ಪಾಲಿಗೆ ಬಂದೇ ಇರಲಿಲ್ಲ. ಒಳ್ಳೆಯ ಎಲೆ ಬೀಳತೊಡಗಿದರೆ ಸಾಕು, ಕಾರ್ಡು ಕಿತ್ತು ಜೇಬಿಗೆ ಹಾಕುತ್ತಿದ್ದರು.

“ಕಾರ್ಡ್ ಇದ್ರೆ ಮೆಷೀನ್ ನನ್ ಗುರ್ತು ಹಿಡಿಯುತ್ತೆ ಕಣೇ. ಆಮೇಲೆ ಎಲೆ ಬಿಡಲ್ಲ.”

“ಅಯ್ಯೋ ಅಂಕಲ್, ಎಲೆ ಹಂಚೋದೇ ಬೇರೆ, ಪಾಯಿಂಟ್ ಎಣಿಸೋದೇ ಬೇರೆ. ಎರಡಕ್ಕೂ ಮಾತುಕತೆನೇ ಇಲ್ಲ.”

“ಗಂಡ ಹೆಂಡ್ತಿ ಹಂಗಾ?”

ಮೇಲ್ವಿಚಾರಕ ಬ್ರೆಂಟ್ ಆಗಲೇ ಎಚ್ಚರಿಸಿದ್ದ: “ಕಾರ್ಡಿಲ್ಲದೋನು ನಮ್ ಲೆಕ್ಕಕ್ಕೆ ಗಾಳಿ. ಗಾಳಿಗೆ ಊಟ ಹಾಕಿದ್ರೆ ನಿನ್ ಸಹಿಗೆ ಬೆಲೆ ಇರಲ್ಲ, ಪುವಾ.” ಸಹಿಗೆ ಬೆಲೆಯಿಲ್ಲದ ಹೋಸ್ಟ್ ಮತ್ತೆ ಹಾಸಿಗೆ ಹೊದಿಕೆಗೇ ಹೋಗಬೇಕು.

ಕಳೆದ ತಿಂಗಳು ಪುವಾ ಒಂದು ಉಪಾಯ ಮಾಡಿದರು. ತೊಕು ಅವರ ಖಾತೆಗೇ ಹೊಸ ಕಾರ್ಡು ಅಚ್ಚುಹಾಕಿಸಿದರು. ಹೆಸರಿನ ಜಾಗದಲ್ಲಿ, ಗಿರಾಕಿ ಕೇಳಿದ ಅಡ್ಡಹೆಸರು ಹಾಕುವುದು ಇಲ್ಲಿ ರೂಢಿ. ಪುವಾ ಕೇಳದೆಯೇ ಹಾಕಿಸಿದ್ದು: ಫುಮಿ. ಅದು ತೊಕು ಅವರ ಹೆಂಡತಿಯ ಹೆಸರು. ಹೋದ ವರ್ಷ ತೀರಿಕೊಳ್ಳುವ ತನಕ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದವರು.

“ಸುಳ್ಳೇನಿಲ್ಲ ಅಂಕಲ್. ನಂಬರ್ ನಿಮ್ದೇ, ಹೆಸರು ಮಾತ್ರ ಆಂಟೀದು. ಬೇಡ ಅಂದ್ರೆ ಈಗ್ಲೇ ವಾಪಸ್.”

ಮುದುಕ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇವಳ ಮೇಲೆ ಮೆಷೀನಿಗೆ ಸಿಟ್ಟಿರಲಿಲ್ಲ,” ಎಂದು ಸಿಕ್ಕಿಸಿದರು. ಆಮೇಲೆ ಒಳ್ಳೆಯ ಎಲೆ ಬಿದ್ದಾಗಲೂ ಕೀಳಲಿಲ್ಲ. “ಹೆಂಡ್ತೀನ ಕಿತ್ತು ಜೇಬಿಗೆ ಹಾಕ್ಕೊಳಕ್ಕಾಗುತ್ತಾ?”

ಇವತ್ತು ಮಧ್ಯಾಹ್ನ ಬ್ರೆಂಟ್ ಪರದೆ ನೋಡಿ ಹುಬ್ಬೇರಿಸುತ್ತಾನೆ. ತಿಂಗಳ ಪಾಯಿಂಟು ಊಟದ ಖರ್ಚಿನ ಬಹುಪಾಲನ್ನು ತುಂಬಿದೆ, ಪೂರ್ತಿ ಅಲ್ಲ.

“ಉಳಿದದ್ದು?”

“ಉಳಿದದ್ದಕ್ಕೆ ನನ್ ಸಹಿ. ಈಗ ಅವರು ಗಾಳಿಯಲ್ಲ, ಬ್ರೆಂಟ್. ನೀನೇ ನೋಡು.” ಪುವಾ ಸಹಿ ಹಾಕುತ್ತಾರೆ. ಅವನು ಒಪ್ಪಿಗೆಯ ಗುಂಡಿ ಒತ್ತುತ್ತಾನೆ.

ಸಂಜೆ ಉದ್ದನೆಯ ಮೇಜಿನ ಮೇಲೆ ಎತ್ತಿನ ಬಾಲದ ಸೂಪು ಹಬೆಯಾಡುತ್ತಿದೆ. ತೊಕು ಮೊಮ್ಮಗಳಿಗೆ ಅದೇ ಮಾತು ಹೇಳುತ್ತಿದ್ದಾರೆ: “ನಾನಂದ್ರೆ ಇವರಿಗೆ ಪ್ರಾಣ.” ಪಾಳಿ ಮುಗಿಸಿ ಹೊರಟ ಪುವಾ ಕಣ್ಣಿಗೆ ಬಿದ್ದದ್ದೇ ತೊಕು ಕೂಗುತ್ತಾರೆ.

“ಏ ಪುವಾ, ನಿಂದು ಊಟ ಆಯ್ತಾ?”

ಗಿರಾಕಿಗಳ ಜೊತೆ ಕೂರುವಂತಿಲ್ಲ ಎಂದು ಪುವಾ ಕೈಯಾಡಿಸುತ್ತಾರೆ. ಮುದುಕ ಅವರಿಗಾಗಿ ಇನ್ನೊಂದು ಬಟ್ಟಲು ಸೂಪು ಕಟ್ಟಿಸುತ್ತಾರೆ. ಬಡಿಸುವವಳು ಅದನ್ನೂ ಕಾಂಪಿಗೆ ಸೇರಿಸಹೊರಟರೆ ಗದರುತ್ತಾರೆ: “ಅದು ಕ್ಯಾಸಿನೊದ್ದಲ್ಲ ತಾಯಿ, ನಂದು.” ಜೇಬಿನಿಂದ ನೋಟು ತೆಗೆದಿಡುತ್ತಾರೆ.

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಪುವಾ ಮುಚ್ಚಳ ತೆಗೆಯುತ್ತಾರೆ. ಶುಂಠಿ ಹೆಚ್ಚೇ ಹಾಕಿದ್ದಾರೆ.

“ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ಮೊದಲನೇ ಕಾಂಪ್ ಇದು,” ಎನ್ನುತ್ತಾರೆ. “ಅದೂ ಕಾರ್ಡ್ ಹಾಕ್ದೆ.”