ಕುರುಗೋಡಿನ ಬಾವಿಯನ್ನು ನಾವು ತೆರೆದದ್ದು

ಬಳ್ಳಾರಿಯಲ್ಲಿ ಆ ದಿನಗಳಲ್ಲಿ ನನ್ನನ್ನು ಸಭೆಗಳಿಗೆ ಕರೆಯುತ್ತಿದ್ದದ್ದು ನನ್ನ ವಿಚಾರ ಕೇಳುವುದಕ್ಕಲ್ಲ, ಜನ ಸೇರಿಸುವುದಕ್ಕೆ. ಅಧ್ಯಕ್ಷರು ಬರುವ ತನಕ ನಾನು ವೇದಿಕೆಯ ಮೇಲೆ ನಿಂತು ಊರಿನ ದೊಡ್ಡವರ ದನಿ ತೆಗೆಯಬೇಕು, ಅವರ ನಡಿಗೆ ನಡೆದು ತೋರಿಸಬೇಕು. ಅವರು ಬಂದ ಕೂಡಲೇ ಕೆಳಗಿಳಿದು ಚಾಪೆಯ ಮೇಲೆ ಕೂರಬೇಕು. ಎಷ್ಟು ಜನರ ದನಿ ತೆಗೆಯುತ್ತಿದ್ದೆನೆಂದರೆ, ನನ್ನ ಸ್ವಂತ ದನಿ ಹೇಗಿದೆಯೆಂದು ಮನೆಯಲ್ಲೇ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಜ್ವರ ಬಂದು ನರಳುತ್ತಿದ್ದಾಗ ಅವ್ವ ಅಡುಗೆಮನೆಯಿಂದಲೇ, "ಯಾರ್ದು ಮಾಡಾಕ ಹತ್ತೀದಿ ಅದು? ಚಂದಿಲ್ಲ, ಬಿಡು" ಎಂದಿದ್ದಳು.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ಬಾವಿ, ಹೋಟೆಲು, ಗುಡಿ ಯಾವುದನ್ನೂ ಯಾರಿಗೂ ಮುಚ್ಚುವಂತಿಲ್ಲ ಎಂದು ಮದರಾಸಿನ ಸರ್ಕಾರ ಕಾನೂನು ಮಾಡಿತ್ತು. ಆ ಕಾನೂನು ರೈಲಿನಲ್ಲಿ ಬಳ್ಳಾರಿಗೆ ಬಂದು, ಜಟಕಾ ಸಿಗದೆ ಸ್ಟೇಷನ್ನಿನಲ್ಲೇ ಉಳಿದಂತಿತ್ತು. ಅದನ್ನು ಸುತ್ತಲ ಊರುಗಳಿಗೆ ಮುಟ್ಟಿಸಬೇಕೆಂದು ನಾಲ್ಕು ಸಂಘಗಳು ಕೂಡಿದವು. ಕನ್ನಡದವರ ವಾಚನಾಲಯ, ತೆಲುಗಿನವರ ಯುವಕ ಸಂಘ, ಚರಕ ತಿರುಗಿಸುವ ಹೆಣ್ಣುಮಕ್ಕಳ ಸಂಘ, ಮತ್ತೆ ಊರು ಮುಟ್ಟಿಸಿಕೊಳ್ಳದ ಕೇರಿಯವರು ತಾವೇ ಕಟ್ಟಿಕೊಂಡಿದ್ದ ಒಂದು ಸಂಘ. ಬಳ್ಳಾರಿ ಕನ್ನಡದವರದೋ ತೆಲುಗಿನವರದೋ ಎಂಬ ಜಗಳದಲ್ಲಿ ಮೊದಲಿನ ಎರಡು ಸಂಘದವರು ಒಬ್ಬರಿಗೊಬ್ಬರು ಎದುರು ಬಂದರೆ ಬೀದಿ ಬದಲಿಸುತ್ತಿದ್ದರು. ಅಂಥವರು ಒಂದೇ ಬೆಂಚಿನ ಮೇಲೆ ಕೂತದ್ದೇ ಒಂದು ನೋಟ. ವಾಚನಾಲಯದ ಅಧ್ಯಕ್ಷರು ನಶ್ಯ ಏರಿಸಿ ಮಾತು ಶುರು ಮಾಡಿದರೆ ನಡುವೆ ನಿಲ್ಲಿಸಿ ಸೀನಿಗೆ ಕಾಯುತ್ತಿದ್ದರು. ಆ ಸಂದಿಯಲ್ಲಿ ಯುವಕ ಸಂಘದ ಕಾರ್ಯದರ್ಶಿ ನುಗ್ಗಿ, ಅವರ ಮಾತನ್ನು ತೆಲುಗಿನಲ್ಲಿ ಮುಗಿಸಿಬಿಡುತ್ತಿದ್ದರು. ಅಧ್ಯಕ್ಷರು ಸೀನಿ ಕಣ್ಣೊರೆಸಿಕೊಂಡು, "ಅದಲ್ರೀ ನಾ ಹೇಳಾಕ ಹೊಂಟಿದ್ದು" ಎನ್ನುತ್ತಿದ್ದರು. ನಿರ್ಣಯವನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂದು ಮೂರು ಸಭೆ ನಡೆದವು. ಕೊನೆಗೆ ಇಬ್ಬರಿಗೂ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಬರೆದರು.

ಮೊದಲು ಸಿರುಗುಪ್ಪಕ್ಕೆ ಹೋದೆವು. ಅಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಚಹಾದ ಹೋಟೆಲು. ಕೇರಿಯವರ ಗ್ಲಾಸುಗಳನ್ನು ಹೊರಗೆ ಚಪ್ಪರದ ಕಂಬದ ಗೂಡಿನಲ್ಲಿ ಇಟ್ಟಿರುತ್ತಿದ್ದರು. ಅವರು ತಾವೇ ತೊಳೆದು ಹಿಡಿಯಬೇಕು, ಯಜಮಾನ ಮೊಳದೆತ್ತರದಿಂದ ಸುರಿಯಬೇಕು. ನಾನು ಅವನ ಎದುರಿಗೇ ಅವನಂತೆ ಹೊಟ್ಟೆ ಮುಂದೆ ಮಾಡಿ, ತುದಿಗಾಲ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ಗುರಿ ನೋಡಿ ಸುರಿದು ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಅವನೇ. ನಗುತ್ತಲೇ ಹೋಗಿ ಆ ಗ್ಲಾಸುಗಳನ್ನು ತಂದು ಒಳಗಿನ ಗ್ಲಾಸುಗಳ ಜೊತೆ ನೀರಿಗೆ ಹಾಕಿದ. ಬಸ್ಸಿನಲ್ಲಿ ವಾಪಸು ಬರುವಾಗ ಅಧ್ಯಕ್ಷರು ನನ್ನ ಬೆನ್ನು ತಟ್ಟಿ, "ಕಾನೂನಿಗಿಂತ ನೀನ ಚಲೋ ಕೆಲಸ ಮಾಡ್ತೀಲೇ" ಎಂದರು. ಆ ಮಾತು ನನ್ನ ತಲೆಗೆ ಏರಿತು. ಕೆಳಗಿಳಿಯಲು ಕುರುಗೋಡೇ ಬೇಕಾಯಿತು.

ಕುರುಗೋಡಿನ ಬಾವಿಯ ವಿಷಯ ತಂದವರು ಕೇರಿಯ ಸಂಘದಿಂದ ಸಭೆಗೆ ಬರುತ್ತಿದ್ದ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಅಕ್ಕನನ್ನು ಆ ಊರಿನ ಕೇರಿಗೆ ಕೊಟ್ಟಿದ್ದರು. ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮೇಷ್ಟ್ರು ಸಭೆಯಲ್ಲಿ ಹೆಚ್ಚು ಮಾತಾಡಿದವರಲ್ಲ, ಅವತ್ತು ಮಾತ್ರ ಎದ್ದು ನಿಂತು ಹೇಳಿದರು: "ಬಾವಿ ತೆರಿಯೂದು ಆಮ್ಯಾಲ ನೋಡೂಣ್ರಿ. ಈಗ ಅಲ್ಲಿ ನಮ್ಮವ್ರಿಗಿ ನೀರು ಯಾರು ಹಾಕ್ತಾರ, ಹೆಂಗ ಹಾಕ್ತಾರ, ಅದನ್ನ ಮೊದ್ಲು ತಿಳ್ಕೊಳ್ಳೂಣು. ನೀರು ಹಾಕೂ ಅಮ್ಮ ಒಬ್ಬಾಕಿ ಅದಾಳ, ಆಕೀನ ಒಮ್ಮೆ ಮಾತಾಡ್ಸಿ ಬರೂಣು."

"ಆತಾತು, ಮುಂದಿನ ಸಭಾದಾಗ" ಎಂದರು ಅಧ್ಯಕ್ಷರು. ಮುಂದಿನ ಸಭೆ ಬಾವಿಯ ಕಾರ್ಯಕ್ರಮಕ್ಕೆ ಯಾರ ಅಧ್ಯಕ್ಷತೆ ಎಂಬುದರಲ್ಲೇ ಮುಗಿಯಿತು.

ಕಾರ್ಯಕ್ರಮದ ಹಿಂದಿನ ದಿನವೇ ನಾನು ಮೇಷ್ಟ್ರ ಜೊತೆ ಕುರುಗೋಡಿಗೆ ಹೋದೆ. ಅಮ್ಮನನ್ನು ಮಾತಾಡಿಸಲು ಅಲ್ಲ, ನೋಡಿ ಕಲಿಯಲು. ಬಾವಿಯ ಕಟ್ಟೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಚಪ್ಪಡಿ ಕಲ್ಲು. ಕೇರಿಯ ಹೆಂಗಸರು ಬೆಳಿಗ್ಗೆ ತಮ್ಮ ಗಡಿಗೆಗಳನ್ನು ಅದರ ಮೇಲಿಟ್ಟು ಹಿಂದೆ ಸರಿದು ನಿಲ್ಲಬೇಕು. ಊರಿನವರು ಯಾರಾದರೂ ಮನಸ್ಸು ಮಾಡಿ ತಮ್ಮ ಕೊಡದಿಂದ ಸುರಿದರೆ ಉಂಟು, ಇಲ್ಲದಿದ್ದರೆ ಒಂದು ಹರದಾರಿ ದೂರದ ಹಳ್ಳಕ್ಕೆ ಹೋಗಬೇಕು. ಮನಸ್ಸು ಮಾಡುತ್ತಿದ್ದವಳು ಒಬ್ಬಳೇ, ದೊಡ್ಡ ಮನೆಯ ಒಬ್ಬ ವಿಧವೆ ಮುದುಕಿ. ನಮ್ಮ ಹಾಗೆ ಲಿಂಗ ಕಟ್ಟಿಕೊಂಡ ಮನೆತನದವಳು. ಮುಖ ಗೋಡೆಯ ಕಡೆ ತಿರುಗಿಸಿ, ಸೆರಗು ಮೂಗಿಗೆ ಹಿಡಿದು, ಒಂದೇ ಕೈಯಲ್ಲಿ ಕೊಡ ಬಗ್ಗಿಸುತ್ತಿದ್ದಳು. ಬಾಯಿ ಮಾತ್ರ ನಿಲ್ಲದು. "ಸರೀರೇ ಆ ಕಡಿ! ನೆಳ್ಳು ಬೀಳ್ತೈತಿ ಕಾಣಂಗಿಲ್ಲೇನು? ಹುಟ್ಟಿದ್ದ ನೀರು ಕುಡ್ಯಾಕೇನು ನೀವು? ನಿಮ್ಮ ಗಡಿಗಿಗಿ ತಳ ಐತೋ ಇಲ್ಲೋ?" ನನಗೆ ನಿಧಿ ಸಿಕ್ಕಂತಾಯಿತು.

ಮೇಷ್ಟ್ರ ಅಕ್ಕ ಆ ಸಂಜೆ ನಮಗೆ ರೊಟ್ಟಿ ಕೊಟ್ಟಳು. ನಾನು ತಿಂದೆ, ತಿಂದೆನೆಂದು ನಾನೇ ನನ್ನನ್ನು ಮೆಚ್ಚಿಕೊಂಡೆ. ಅವಳು ಬಾಗಿಲಲ್ಲಿ ಕೂತಿದ್ದ ಮಗಳನ್ನು ತೋರಿಸಿ, "ಇದಕ್ಕ ಇನ್ನೊಂದು ತಿಂಗಳದಾಗ ದಿನ ತುಂಬತಾವ್ರಿ. ಅಮ್ಮ ಹಾಕೂ ನೀರು ಸಾಲಂಗಿಲ್ಲ, ಹಳ್ಳದ್ದು ರಾಡಿ. ಬಾಣಂತಿ ಮನಿಗಿ ಆ ನೀರು ಹೆಂಗ್ರಿ ತರೂದು? ಬಾವಿದೊಂದು ಆದ್ರ ಸಾಕು ನನಗ" ಎಂದಳು. "ನಾಳಿಗಿ ನೀನ ಸೇದ್ತೀದಿ ಅಕ್ಕಾ" ಎಂದು ನಾನು ಅಧ್ಯಕ್ಷರ ದನಿಯಲ್ಲಿ ಹೇಳಿ ಸೀನಿದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ನಾಲ್ಕೂ ಸಂಘದವರು ಬಂದರು. ಹೂವಿನ ಹಾರ ಬಂತು, ಫೋಟೋದವನು ಬಂದ. ಮೇಷ್ಟ್ರ ಅಕ್ಕ ಹಗ್ಗ ಹಿಡಿದು ಮೊದಲ ಕೊಡ ಸೇದಿದಳು. ರಾಟೆ ಕಿರುಗುಟ್ಟಿತು, ಚಪ್ಪಾಳೆ ಬಿತ್ತು. ಊರಿನ ಗಂಡಸರು ಎದುರಿನ ಕಟ್ಟೆಯ ಮೇಲೆ ಮುಖ ಬಿಗಿದು ಕೂತಿದ್ದರು. ಅವರ ಮುಖ ಸಡಿಲಾಗಲಿ ಎಂದು ಅಧ್ಯಕ್ಷರು ನನ್ನ ಕಡೆ ಕಣ್ಣು ಮಾಡಿದರು. ಸಿರುಗುಪ್ಪದ ಮದ್ದನ್ನೇ ಇಲ್ಲೂ ಕೊಡುವುದೆಂದು ನಾನು ಪಂಚೆಯ ತುದಿಯನ್ನು ಸೆರಗಿನಂತೆ ಮೂಗಿಗೆ ಹಿಡಿದು, ಗೋಡೆಗೆ ಮುಖ ಮಾಡಿ, ಕೊಡ ಬಗ್ಗಿಸಿದೆ. "ಸರೀರೇ ಆ ಕಡಿ! ಹುಟ್ಟಿದ್ದ ನೀರು ಕುಡ್ಯಾಕೇನು ನೀವು?"

ಕೇರಿಯವರು ನಕ್ಕರು, ಚರಕದ ಸಂಘದವರು ನಕ್ಕರು, ತುಂಬಿದ ಬಸುರಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಕಟ್ಟೆಯ ಮೇಲಿನ ಗಂಡಸರೂ ನಕ್ಕರು. ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ. ಅವರ ಕಣ್ಣು ಹಿಡಿದು ನಾನೂ ತಿರುಗಿದೆ. ಮುದುಕಿ ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ಓಣಿಯ ಬಾಯಲ್ಲಿ ನಿಂತಿದ್ದಳು. ನೀರು ತುಂಬಿಕೊಳ್ಳದೆ ಹಾಗೇ ಹಿಂದಕ್ಕೆ ಹೋದಳು. ನಾನು ಇನ್ನೊಮ್ಮೆ ಮಾಡಿದೆ, ಜನ ಇನ್ನೊಮ್ಮೆ ಕೇಳಿದರು ಎಂದು.

ಹದಿನೈದು ದಿನದ ಮೇಲೆ ಮೇಷ್ಟ್ರು ಸಭೆಗೆ ಬಂದು ಕೂರಲಿಲ್ಲ, ಬಾಗಿಲಲ್ಲೇ ನಿಂತರು. ಊರಿನವರು ಆ ಬಾವಿ ಬಿಟ್ಟು ಮಠದ ಅಂಗಳದ ಬಾವಿಗೆ ಹೋಗುತ್ತಿದ್ದಾರಂತೆ. ರಿಪೇರಿಯೆಂದು ರಾಟೆಯನ್ನೂ ತೊಲೆಯನ್ನೂ ಬಿಚ್ಚಿಕೊಂಡು ಹೋಗಿದ್ದಾರಂತೆ. ಯಾರೋ ಜಾಲಿಯ ಮುಳ್ಳು ಕಡಿದು ಬಾವಿಗೆ ತುಂಬಿದ್ದಾರಂತೆ, ಕೊಡ ಇಳಿಸಿದರೆ ಅದರಲ್ಲೇ ಸಿಕ್ಕಿಕೊಳ್ಳುತ್ತದಂತೆ.

"ಆ ಅಮ್ಮ ಹಾಕ್ತಿದ್ಲಲ್ರೀ?" ಎಂದು ಕೇಳಿದರು ಅಧ್ಯಕ್ಷರು.

"ಆಕಿ ಮನಿ ಬಿಟ್ಟು ಹೊರಗ ಬಂದಿಲ್ರಿ" ಎಂದರು ಮೇಷ್ಟ್ರು. ನನ್ನ ಕಡೆ ನೋಡಲೂ ಇಲ್ಲ.

ಸಂಘಗಳು ಕೈಬಿಟ್ಟವು ಎನ್ನಲಾರೆ. ಕೂಡಿಯೇ ಅರ್ಜಿ ಬರೆದವು, ನಾಲ್ಕೂ ಮೊಹರು ಒತ್ತಿದವು. ಬಾವಿ ಸರ್ವರಿಗೂ ತೆರೆದಿದೆ, ಯಾರೂ ಯಾರನ್ನೂ ತಡೆದಿಲ್ಲ ಎಂದು ಕಲೆಕ್ಟರ್ ಸಾಹೇಬರ ಕಚೇರಿಯಿಂದ ಉತ್ತರ ಬಂತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗುರುವಾರ ಮತ್ತೆ ಸೇರುವುದೆಂದು ಗೊತ್ತಾಯಿತು. ನನಗೆ ಗುರುವಾರದ ತನಕ ತಡೆಯಲಾಗಲಿಲ್ಲ. ಸೋಮವಾರ ಬೆಳಿಗ್ಗೆಯ ಬಸ್ಸು ಹಿಡಿದೆ.

ಮುದುಕಿ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಕಾಲು ಮುಟ್ಟಲು ಬಗ್ಗಿದೆ. ಮೊರ ಅಡ್ಡ ಹಿಡಿದಳು.

"ನೀನೇನು ಆಟ ಆಡ್ಸಾಂವ? ಕುಂದ್ರು. ಚಲೋ ಮಾಡಿದ್ದಿಪ, ನನ್ನಂಗ ಮಾಡಿದ್ದಿ. ಎಡಗಾಲು ಎಳಿಯೂದೊಂದು ಬಿಟ್ಟಿದ್ದಿ."

"ತಪ್ಪಾತಬೇ" ಎಂದೆ. ಅದು ಯಾರ ದನಿಯಲ್ಲಿ ಬಂತೋ ಗೊತ್ತಿಲ್ಲ.

"ಬೈಲಿಲ್ಲಂದ್ರ ನನಗ ಹಾಕಾಕ ಬಿಡ್ತಿದ್ರೇನು? ಮೈದುನ ದಿನಾ ಆ ಕಟ್ಟಿ ಮ್ಯಾಲ ಕುಂದ್ರತಾನ. ನಾ ಬೈದಷ್ಟೂ ಅಂವಗ ಸಮಾಧಾನ. ಬೈಕೋಂತ ಬೈಕೋಂತ ನಾಕು ಕೊಡ ಹೆಚ್ಚಿಗಿ ಹಾಕ್ತಿದ್ದೆ. ಅವ್ರಿಗಿ ಗೊತ್ತಿತ್ತು, ನನಗ ಗೊತ್ತಿತ್ತು. ನೀ ಊರಿಗೆಲ್ಲಾ ತಿಳಿಸಿದಿ, ಈಕಿ ದಿನಾ ಇಷ್ಟು ಹಾಕ್ತಾಳ ಅಂತ. ನಮ್ಮ ಮನಿ ಹೆಣ್ಮಗಳನ್ನ ನೋಡಿ ಕೇರಿಯವ್ರು ನಗೂವಂಗಾತು ಅಂತ ಮೈದುನ ಕೊಡಾನ ಅಟ್ಟದ ಮ್ಯಾಲ ಇಟ್ಟಾನ."

"ಇಳಿಸಿ ಕೊಡ್ಲೇನಬೇ?"

"ಇಳಿಸಿದ್ರ ಹೋಗಾಕ ಕಾಲು ಬರಬೇಕಲ್ಲಪ." ಅವಳು ಮತ್ತೆ ತೊಗರಿ ಕೇರುವುದಕ್ಕೆ ಶುರು ಮಾಡಿದಳು. ಕೇರುತ್ತಲೇ, "ಆ ಹುಡಿಗಿಗಿ ಹೆರಿಗಿ ಆತೇನು?" ಎಂದು ಕೇಳಿದಳು. ಗೊತ್ತಿಲ್ಲವೆಂದೆ. "ಗೊತ್ತು ಮಾಡ್ಕೊ ಹೋಗು" ಎಂದಳು.

ಕೇರಿಗೆ ಹೋದೆ. ಹೆರಿಗೆಯಾಗಿ ಎರಡು ದಿನವಾಗಿತ್ತು. ಗಂಡು ಕೂಸು. ಬಾಣಂತಿಗೆ ಜ್ವರ ಬಿಟ್ಟಿರಲಿಲ್ಲ. ಒಲೆಯ ಮೇಲೆ ಕಾಯುತ್ತಿದ್ದ ಹಳ್ಳದ ನೀರಿನ ಮೇಲೆ ಕೆಂಪು ಕೆನೆಯಂಥದ್ದು ಕಟ್ಟಿತ್ತು. ನನ್ನ ದನಿ ಕೇಳಿ ಅವಳು ಕಣ್ಣು ತೆರೆದಳು. ನನ್ನಿಂದ ಏನಾದರೂ ತಮಾಷೆ ಬರಬಹುದೆಂದು ನೋಡಿದಳೋ ಏನೋ. ಬಾರದ್ದರಿಂದ ಮತ್ತೆ ಮುಚ್ಚಿದಳು.

"ಗಡಿಗಿ ತಗೊಂಡು ಬಾ ಅಕ್ಕಾ" ಎಂದೆ ತಾಯಿಗೆ.

ಮಠದ ಬಾವಿಯಲ್ಲಿ ನನ್ನನ್ನು ತಡೆಯುವವರಿರಲಿಲ್ಲ. ಅಂಗಿಯ ಗುಂಡಿ ಬಿಚ್ಚಿದ್ದೆ, ಕೊರಳಲ್ಲಿ ಲಿಂಗ ಕಾಣುತ್ತಿತ್ತು. ಅಲ್ಲೇ ಇದ್ದ ಕೊಡದಲ್ಲಿ ಸೇದಿ ಹೊರಗೆ ತಂದೆ. ಮೇಷ್ಟ್ರ ಅಕ್ಕ ಅಂಗಳದ ಗೋಡೆಯ ಆಚೆ, ಬೀದಿಯ ಬದಿಯಲ್ಲಿ, ಗಡಿಗೆಯನ್ನು ನೆಲಕ್ಕಿಟ್ಟು ತಾನಾಗಿಯೇ ಹತ್ತು ಹೆಜ್ಜೆ ಹಿಂದೆ ಸರಿದು ನಿಂತಳು. ಹತ್ತಿರ ಬಾ ಎನ್ನಬೇಕಿತ್ತು. ಎದುರಿಗೆ ಮೂರು ನಾಲ್ಕು ಜನ ನಿಂತು ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಒಬ್ಬ, "ಯಾರಲೇ ಇಂವ, ಯಾರ ಮನ್ಯಾಂವ?" ಎಂದದ್ದು ಕೇಳಿಸಿತು. ನಾನು ಬಗ್ಗಿ ಸುರಿದೆ. ಅರ್ಧ ನೆಲಕ್ಕೆ ಹೋಯಿತು. ಇನ್ನೊಂದು ಕೊಡ ತಂದು ಸುರಿದೆ.

"ಸಾಕ್ರಿ, ತುಳುಕ್ತೈತಿ" ಎಂದು ಅವಳೇ ಬಂದು ಗಡಿಗೆ ಎತ್ತಿಕೊಂಡಳು. ಸಿಂಬಿಯ ಮೇಲೆ ಸರಿಯಾಗಿ ಕೂರಿಸಿಕೊಂಡು, ನನ್ನನ್ನು ನೋಡದೆ ಕೇಳಿದಳು: "ನಾಳಿಗಿ ಹೆಂಗ್ರಿ?"

ಬಸ್ಸು ಹೊರಡುವ ಹೊತ್ತಾಗಿತ್ತು. "ಗುರುವಾರ ಸಭಾ ಐತಿ" ಎಂದೆ.

ಅವಳು ಒಂದು ಕೈಯಿಂದ ಗಡಿಗೆ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಇವತ್ತು ಸೋಮಾರ ಅಲ್ಲೇನ್ರಿ?"

ಹೌದೆಂದೆ.