ಬಚ್ಚಲಿನ ಸ್ವಿಚ್ಚು

ಐವತ್ತರ ದಶಕದಲ್ಲಿ ಜತ್ತಿನ ಆ ಮನೆಗೆ ನಾನು ಸೊಸೆಯಾಗಿ ಹೋದ ಮರುವರ್ಷ ಲೈಟ್ ಬಂತು. ಅಲ್ಲಿ ನಾನು ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದಾದ ಜಾಗ ಒಂದೇ, ಬಚ್ಚಲು. ನನ್ನ ಪ್ರೈವೆಸಿ ಎಲ್ಲ ಅಷ್ಟೇ. ಬೆಳಗಿನ ಜಾವ ಸ್ನಾನಕ್ಕೆ ಹೋದಾಗ ಅಕ್ಕ ಇಂಗ್ಲಿಷಿನಲ್ಲಿ ಬರೆದ ಕಾಗದಗಳನ್ನು ಚಿಮಣಿ ಹಚ್ಚಿ ಓದುತ್ತಿದ್ದೆ. ಹೊರಗೆ ಓದಿದರೆ ಅತ್ತೆ ಕಸಿದುಕೊಂಡು, "ಇದರಾಗ ನನಗ ಏನೇನ್ ಬೈದಾಳ?" ಅನ್ನುವರು. ಅದಕ್ಕೇ ವೈರ್‌ಮನ್‌ಗೆ ಗುಟ್ಟಾಗಿ ಹೇಳಿ ಬಚ್ಚಲಿನ ಸ್ವಿಚ್ಚನ್ನು ಒಳಗೇ, ಎತ್ತರದಲ್ಲಿ ಹಾಕಿಸಿದ್ದೆ.

ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬ ಅದನ್ನು ನೋಡಿ ಮುಖ ಗಂಟಿಕ್ಕಿದ. "ಇದು ನಡಿಯಂಗಿಲ್ಲ. ಹೊರಗ ಹಾಕ್ರಿ, ಆಮ್ಯಾಲ ಕನೆಕ್ಷನ್."

"ಹಂಗಂತ ಎಲ್ಲಿ ಬರದೈತಿ?" ಎಂದರು ಜೋಳದ ವ್ಯಾಪಾರಿಯಾದ ಮಾವ.

ಆತ ರೂಲ್ ಬುಕ್ ಚಾಚಿದ. "ಇಂಗ್ಲಿಷ್ ಐತ್ರಿ ಸಾವಕಾರ್ರ, ಜ್ವಾಳದ ಚೀಟಿ ಅಲ್ಲ."

ಮಾವ ನನ್ನನ್ನು ಕರೆದರು. ಒಂದೊಂದು ವರ್ಡನ್ನೂ ತೂಗಿ ಓದಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಹಾಗೇ ಓದಿದೆ. "ಹೊರಗ ಅಂತ ಇಲ್ಲರಿ ಮಾವಾರ. ನೀರಾಗ ನಿಂತವರ ಕೈಗೆ ಸಿಗಬಾರದು, ಅಷ್ಟ. ಇದು ಎತ್ತರದಾಗ ಐತೆಲ್ಲರಿ."

"ನನಗ ರೂಲ್ ಕಲಸ್ತಾರ ಇವರು!" ಎಂದ ಸಾಹೇಬ. ಆದರೆ ಆ ಸಾಲನ್ನು ಎರಡು ಸಲ ಓದಿಕೊಂಡು ಬುಕ್ಕು ಮಡಿಚಿದ.

ಆಗ ಬಾಗಿಲಲ್ಲಿದ್ದ ಅತ್ತೆ ಬಾಯಿ ತೆಗೆದರು. ಅವರು ಗಿಡ್ಡ, ನಾನು ಉದ್ದ. "ಯಾರ ಕೈಗೆ? ನನ್ನ ಕೈಗಂತೂ ಸಿಗಂಗಿಲ್ಲ. ಈ ನಿಚ್ಚಣಿಕಿ ಕೈಗೆ? ಏ ಮೇಮಸಾಬ, ಕಲ್ಲಿನ ಮ್ಯಾಲ ನಿಂದ್ರು. ಕೈ ಎತ್ತು."

ಪರಗಂಡಸಿನ ಎದುರು ಸ್ನಾನದ ಕಲ್ಲಿನ ಮೇಲೆ ನಿಂತು ಅರ್ಧ ಕೈ ಎತ್ತಿದೆ.

"ಪೂರಾ ಎತ್ತ!"

ಬಳೆಗಳು ಮೊಳಕೈಗೆ ಜಾರಿದವು. ಬೆರಳು ಸ್ವಿಚ್ಚಿಗೆ ತಾಗಿತು. ಟಕ್.

ಸಾಹೇಬ ನಕ್ಕ. "ಆತಲ್ಲ! ಬಾಯಾರ ಕೈಯೇ ರೂಲ್ ಓದಿ ಹೇಳ್ತು."

ಸ್ವಿಚ್ಚು ಅವತ್ತೇ ಹೊರಗೆ ಹೋಯಿತು. ಅತ್ತೆ ಮುಂಜಾನೆ ಹಲ್ಲಿಗೆ ಹೊಗೆಸೊಪ್ಪಿನ ಮಿಶ್ರಿ ತಿಕ್ಕುತ್ತ ಕೂಡುವ ಕಟ್ಟೆಯ ಮೇಲಿನ ಗೋಡೆಗೆ, ಅವರ ಕೈಗೆ ಸರಿಯಾಗಿ ಎಟಕುವಂತೆ.

ಕರೆಂಟು ಬಂದ ಮೊದಲ ಮುಂಜಾನೆ ಅಕ್ಕನ ಕಾಗದ ಬಿಚ್ಚಿದೆ. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಕತ್ತಲಾಯಿತು. "ಮೈ ತೊಳಿಯಾಕ ಹೋಗೀಯೋ, ಸಾಲಿಗಿ ಹೋಗೀಯೋ?" ಹೊರಗಿನಿಂದ ದನಿ.

ಕಾಗದವನ್ನು ಗೂಡಿನಲ್ಲಿಟ್ಟು ತಂಬಿಗೆ ತಡಕಿದೆ. ಹಂಡೆಯ ಬಿಸಿನೀರಿನಲ್ಲಿ ಅರ್ಧ ನನಗೆ, ಅರ್ಧ ನನ್ನ ನಂತರ ಮೀಯುವ ಅತ್ತೆಗೆ. ನಮ್ಮ ಕಡೆ ಒಂದೊಂದು ಕೊಡವನ್ನೂ ದೂರದ ಬಾವಿಯಿಂದ ಹೊತ್ತು ತರಬೇಕು. ತಂಬಿಗೆ ಹಂಡೆಯ ತಳ ಕೆರೆಯುವ ತನಕ ಸುರಿದುಕೊಂಡೆ.

"ನನ್ನ ನೀರು ಎಲ್ಲಿ?" ಒಳಗೆ ಬಂದ ಅತ್ತೆ ಕೂಗಿದರು.

"ಕತ್ತಲಾಗ ಕಾಣಲಿಲ್ಲರಿ ಅತ್ತಿ."

ಮರುದಿನ ಲೈಟು ಆರಲಿಲ್ಲ. ಅಕ್ಕನ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿದೆ. ಹೊರಗೆ, ಸ್ವಿಚ್ಚಿನ ಕೆಳಗೆ, ಅತ್ತೆ ನಾನು ಸುರಿದುಕೊಳ್ಳುವ ತಂಬಿಗೆಗಳನ್ನು ಗಟ್ಟಿಯಾಗಿ ಎಣಿಸುತ್ತ ಕೂತಿದ್ದರು.